ಸಂಬಳ ಬಂದ ಮೇಲೂ ಜಾತಿ ಯಾಕೆ ಬೆನ್ನು ಬಿಡುವುದಿಲ್ಲ?

ಪ್ರಶ್ನೆ: ನನಗೆ 31 ವರ್ಷ. ಮಾಲೂರು ತಾಲ್ಲೂಕಿನ ಹಳ್ಳಿಯವನು, ಪರಿಶಿಷ್ಟ ಜಾತಿಗೆ ಸೇರಿದವನು. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಖಾಸಗಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಆಫೀಸಿನಲ್ಲಿ ಯಾರಿಗೂ ನನ್ನ ಜಾತಿ ಗೊತ್ತಿರಲಿಲ್ಲ. ಕಳೆದ ಏಪ್ರಿಲ್ 14ರಂದು ವಾಟ್ಸಾಪ್ ಸ್ಟೇಟಸ್‌ಗೆ ಅಂಬೇಡ್ಕರ್ ಫೋಟೊ ಹಾಕಿದೆ. ಆಮೇಲೆ ಊಟಕ್ಕೆ ಕರೆಯುವುದು ನಿಂತಿತು. ಮೀಟಿಂಗಿನಲ್ಲಿ ಮ್ಯಾನೇಜರ್ ನನ್ನ ಕೋಡ್ ತೋರಿಸಿ 'ಕೋಟಾ ಇಂಜಿನಿಯರುಗಳ ಲೆವೆಲ್ಲೇ ಇಷ್ಟು' ಅಂದರು, ಉಳಿದವರು ನಕ್ಕರು. ಚೆನ್ನಾಗಿದ್ದ ರೇಟಿಂಗ್ ಈ ವರ್ಷ ಕೆಳಗಿಳಿದಿದೆ. ಬಾಡಿಗೆ ಮನೆಯೊಂದರ ಅಡ್ವಾನ್ಸ್ ಮಾತಾದ ಮೇಲೆ 'ನೀವು ಯಾವ ಜನ?' ಎಂದು ಕೇಳಿ, ಮಾರನೇ ದಿನ ಮನೆ ಇಲ್ಲವೆಂದರು. 'ದುಡ್ಡು ಬಂದ್ರೆ ಜಾತಿ ತಾನಾಗೇ ಹೋಗುತ್ತೆ, ತಲೆ ಕೆಡಿಸ್ಕೋಬೇಡ' ಅನ್ನುತ್ತಾರೆ ಅಪ್ಪ. ಹೆಂಡತಿ ಸುಮ್ಮನೆ ಬೇರೆ ಕೆಲಸ ನೋಡಿಕೊಳ್ಳಿ ಅನ್ನುತ್ತಾಳೆ. ಸಿವಿಲ್ ಡಿಪ್ಲೊಮಾ ಮಾಡಿರುವ ತಮ್ಮ ಕಂಟ್ರಾಕ್ಟರ್ ಆಗಬೇಕೆಂದಿದ್ದಾನೆ. ಅದಕ್ಕೆ ತಾತನಿಗೆ ಸರ್ಕಾರದಿಂದ ಮಂಜೂರಾದ 2 ಎಕರೆ ಮಾರೋಣ, ಇಲ್ಲವೇ ಊರಿನ ಮುಖಂಡರೊಬ್ಬರು 'ಲೈಸೆನ್ಸ್ ನಿನ್ನ ಹೆಸರಲ್ಲಿರಲಿ, ಬಂಡವಾಳ ನಂದು' ಅಂದಿದ್ದಾರಲ್ಲ, ಅದಕ್ಕೆ ಒಪ್ಪೋಣ ಅಂತಾನೆ. ಇದೆಲ್ಲ ನನ್ನ ಕಲ್ಪನೆಯೇ? ಅಟ್ರಾಸಿಟಿ ಕೇಸ್ ಹಾಕಬಹುದೇ? ತಮ್ಮನಿಗೆ ಏನು ಹೇಳಲಿ?
(ಹೆಸರು ಪ್ರಕಟಿಸಬೇಡಿ ಎಂದಿದ್ದಾರೆ)

ಉತ್ತರ: ಇದು ನಿಮ್ಮ ಕಲ್ಪನೆಯಲ್ಲ. ಕಾರ್ಮಿಕ ಪ್ರಕರಣಗಳನ್ನೂ ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣಗಳನ್ನೂ ನಡೆಸುವ ವಕೀಲಳಾಗಿ ಈ ಸರಣಿಯನ್ನು ನಾನು ಚೆನ್ನಾಗಿ ಬಲ್ಲೆ: ಜಾತಿ ಗೊತ್ತಾಗುತ್ತದೆ, ಊಟದ ಟೇಬಲ್ಲು ದೂರವಾಗುತ್ತದೆ, ಆಮೇಲೆ ಕೆಲಸದಲ್ಲಿ ತಪ್ಪುಗಳು ಕಾಣತೊಡಗುತ್ತವೆ. ಆದರೆ ನಿಮಗೆ ಖಾತ್ರಿಯಾಗಿರುವುದನ್ನೆಲ್ಲ ಕೋರ್ಟಿನಲ್ಲಿ ರುಜುವಾತು ಮಾಡಲಾಗುವುದಿಲ್ಲ. ಯಾವುದನ್ನು ಮಾಡಬಹುದು, ಯಾವುದನ್ನು ಆಗದು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಅಪ್ಪನ ಮಾತನ್ನು ತಳ್ಳಿಹಾಕಬೇಡಿ. ಜೀತವನ್ನು ಕಣ್ಣಾರೆ ಕಂಡ ತಲೆಮಾರಿಗೆ ವಾರಕ್ಕೊಮ್ಮೆ ಕೈಗೆ ಬರುವ ನಗದು ಕೂಲಿಯೇ ದೊಡ್ಡ ಬಿಡುಗಡೆ. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಅದಕ್ಕೂ ಮೊದಲೇ ಊರು ಬಿಟ್ಟು ಪಟ್ಟಣದ ಕೆಲಸ ಹಿಡಿದವರು ಗೌಡರ ಹೊಲದಿಂದ, ಅವರ ಅಂಗಳದಿಂದ ತಪ್ಪಿಸಿಕೊಂಡಿದ್ದರು. ಹಳ್ಳಿಯೆಂದರೆ ಸಂಕುಚಿತತೆಯ ಗೂಡು ಎಂದು 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ಹೇಳಿದ್ದೂ ಈ ಅನುಭವದಿಂದಲೇ. ದುಡ್ಡು ಅಪ್ಪನನ್ನು ಒಬ್ಬ ಧಣಿಯಿಂದ ಬಿಡಿಸಿದೆ. ಅಷ್ಟರಮಟ್ಟಿಗೆ ಅವರ ಮಾತು ಸರಿ.

ಆದರೆ ಕಾರ್ಖಾನೆ ಬಂದ ಕೂಡಲೇ ಜಾತಿ ಗೇಟಿನ ಹೊರಗೆ ನಿಲ್ಲಲಿಲ್ಲ. ಮುಂಬಯಿಯ ಹತ್ತಿ ಗಿರಣಿಗಳಲ್ಲಿ ಹೆಚ್ಚು ಕೂಲಿ ಸಿಗುತ್ತಿದ್ದುದು ನೇಯ್ಗೆ ವಿಭಾಗದಲ್ಲಿ. ಅಲ್ಲಿ ದಲಿತರಿಗೆ ಪ್ರವೇಶವಿರಲಿಲ್ಲ. ನೂಲು ತುಂಡಾದರೆ ತುದಿಯನ್ನು ಬಾಯಿಂದ ಎಳೆದು ಲಾಳಿಗೆ ಪೋಣಿಸಬೇಕಿತ್ತು; ದಲಿತರ ಎಂಜಲು ತಾಗಿದ ಲಾಳಿಯನ್ನು ನಾವು ಮುಟ್ಟುವುದಿಲ್ಲ ಎಂದವರು ಮಾಲೀಕರಲ್ಲ, ಜೊತೆಯ ಕಾರ್ಮಿಕರು. ಮಾಲೀಕರಿಗೆ ಇದರಿಂದ ತೊಂದರೆ ಇರಲಿಲ್ಲ, ಕಡಿಮೆ ಕೂಲಿಯ ವಿಭಾಗಗಳಿಗೆ ಜನ ಸಿಗುತ್ತಿದ್ದರು. 1928ರ ದೊಡ್ಡ ಮುಷ್ಕರದ ಹೊತ್ತಿಗೆ ಈ ತಡೆ ಹೋಗಬೇಕೆಂದು ಅಂಬೇಡ್ಕರರು ಪಟ್ಟು ಹಿಡಿದರು. 1938ರಲ್ಲಿ ಮನ್ಮಾಡಿನಲ್ಲಿ ದಲಿತ ರೈಲ್ವೆ ಕಾರ್ಮಿಕರ ಮುಂದೆ ನಿಂತು, ನಿಮಗೆ ಶತ್ರುಗಳು ಇಬ್ಬರು, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಎಂದದ್ದಕ್ಕೆ ಇಂಥ ನೆಲದ ಅನುಭವದ ಬಲವಿತ್ತು. ಒಬ್ಬ ಶತ್ರುವನ್ನು ಮಾತ್ರ ನೋಡುವವರು ಆಗಲೂ ಇದ್ದರು, ಈಗಲೂ ಇದ್ದಾರೆ.

ನಿಮ್ಮ ಸೀಮೆಯದೇ ಉದಾಹರಣೆ ಬೇಕೆಂದರೆ ಕೆಜಿಎಫ್ ಇದೆ. ಚಿನ್ನದ ಗಣಿಯ ಆಳಕ್ಕೆ ಇಳಿದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟಿನ ಕಡೆಯಿಂದ ಬಂದ ದಲಿತರು. ಮೇಲ್ವಿಚಾರಣೆ ಬೇರೆಯವರ ಕೈಯಲ್ಲಿತ್ತು. ಊರಿನ ಶ್ರೇಣಿಯೇ ಸುರಂಗದೊಳಗೂ ಇಳಿದಿತ್ತು. ಆದರೆ ಅದೇ ಗಣಿ ಕಾಲೊನಿಗಳಲ್ಲಿ, ಮಾರಿಕುಪ್ಪಂನಲ್ಲಿ, ಚಾಂಪಿಯನ್ ರೀಫ್ಸ್‌ನಲ್ಲಿ, 20ನೇ ಶತಮಾನದ ಆರಂಭದಲ್ಲೇ ತಮಿಳು ದಲಿತ ಚಿಂತಕ ಅಯೋತಿ ದಾಸರ ಬೌದ್ಧ ಸಂಘದ ಶಾಖೆಗಳು ಹುಟ್ಟಿದವು, ಓದುವ ಮನೆಗಳು ಬಂದವು. 1930ರಲ್ಲಿ ಹೆಬ್ಬೆರಳ ಗುರುತು ಕೊಡುವುದಿಲ್ಲವೆಂದು ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ಕೂಲಿ ಕೊಟ್ಟ ಜಾಗವೇ ಜಾತಿಯನ್ನು ಉಳಿಸಿಕೊಂಡಿತು, ಒಟ್ಟಿಗೆ ಸೇರಲು ಅವಕಾಶವನ್ನೂ ಕೊಟ್ಟಿತು. ಇವೆರಡೂ ಸೇರಿಯೇ ನಿಜ.

ಈಗಿನ ಮಾತಿಗೆ ಬರೋಣ. 'ಖಾಸಗಿ ಕಂಪನಿಯಲ್ಲಿ ಪ್ರತಿಭೆ ಒಂದೇ ಲೆಕ್ಕ' ಎನ್ನುವುದನ್ನು ಪರೀಕ್ಷೆಗೆ ಒಡ್ಡಿದವರಿದ್ದಾರೆ. ಸಂಶೋಧಕರಾದ ಸುಖದೇವ್ ಥೋರಟ್ ಮತ್ತು ಪಾಲ್ ಆಟ್‌ವೆಲ್ ಪತ್ರಿಕೆಗಳಲ್ಲಿ ಬಂದ ಖಾಸಗಿ ಉದ್ಯೋಗ ಜಾಹೀರಾತುಗಳಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿದರು. 2007ರಲ್ಲಿ ಪ್ರಕಟವಾದ ಫಲಿತಾಂಶ: ಮೇಲ್ಜಾತಿ ಹೆಸರಿನ ಅರ್ಜಿಗೆ ಹೋಲಿಸಿದರೆ ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಾಧ್ಯತೆ ಮೂರರಲ್ಲಿ ಎರಡು ಪಾಲಿನಷ್ಟು. ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ. ಅದೇ ವರ್ಷ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ನೇಮಕಾತಿ ಮಾಡುವ ಅಧಿಕಾರಿಗಳನ್ನು ಮಾತಾಡಿಸಿದಾಗ, ನಾವು ಜಾತಿ ನೋಡುವುದೇ ಇಲ್ಲ ಎಂದವರೇ 'ಫ್ಯಾಮಿಲಿ ಬ್ಯಾಕ್‌ಗ್ರೌಂಡ್' ಬಹಳ ಮುಖ್ಯ ಎಂದರು. ಅಪ್ಪ ಏನು ಮಾಡುತ್ತಾರೆ, ಯಾವ ಊರು, ಅಣ್ಣತಮ್ಮಂದಿರು ಏನು ಓದಿದ್ದಾರೆ ಎಂಬ ಪ್ರಶ್ನೆಗಳು ಕೆಲಸದ ಅರ್ಹತೆಯ ಪ್ರಶ್ನೆಗಳಾಗಿಬಿಟ್ಟಿವೆ. ಮೇಲಿನ ಹಂತದಲ್ಲಿ ಏನಿದೆ ಎಂದರೆ, ದೇಶದ 1,000 ದೊಡ್ಡ ಕಂಪನಿಗಳ ನಿರ್ದೇಶಕ ಮಂಡಳಿಗಳನ್ನು ನೋಡಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸುಮಾರು 93% ಸದಸ್ಯರು ಮುಂದುವರಿದ ಜಾತಿಗಳವರು. ಪರಿಶಿಷ್ಟ ಜಾತಿ, ಪಂಗಡ ಎರಡೂ ಸೇರಿ 3.5%.

ಇದರ ಹಿಂದೆ ಯಾವಾಗಲೂ ದ್ವೇಷವೇ ಇರಬೇಕಿಲ್ಲ. ಬಂಡವಾಳ ಹರಿಯುವುದು ಪರಿಚಯದ ಮೂಲಕ. ಕೆಲಸ ಖಾಲಿ ಇದೆ ಎಂಬ ಸುದ್ದಿ ರೆಫರಲ್ ಮೂಲಕ ಬರುತ್ತದೆ, ಸಾಲಕ್ಕೆ ಜಾಮೀನು ನೆಂಟರಿಂದ, ಸಿಮೆಂಟಿನ ಉದ್ದರಿ ಮಾವನ ಅಂಗಡಿಯಿಂದ. ಈ ಪರಿಚಯದ ಜಾಲ ಮದುವೆಯ ಜಾಲವೇ ಆಗಿರುವಾಗ ಮಾರುಕಟ್ಟೆ ಜಾತಿಯ ದಾರಿಯಲ್ಲೇ ಓಡಾಡುತ್ತದೆ. ಯಾರೂ ಬೋರ್ಡು ಹಾಕಿ ತಡೆಯುವ ಅಗತ್ಯವೇ ಬೀಳುವುದಿಲ್ಲ. ಸಂಬಳ ಎಷ್ಟೇ ಬಂದರೂ ಆ ಜಾಲದೊಳಗೆ ಜಾಗ ಸಿಗದು ಎಂಬುದನ್ನು ನೀವು ಊಟದ ಟೇಬಲ್ಲಿನಲ್ಲಿ ಕಂಡಿದ್ದೀರಿ.

ನಿಮ್ಮ ಮ್ಯಾನೇಜರ್ ಆಡಿದ ಮಾತಿಗೂ ಉತ್ತರ ಬೇಕು, ಯಾಕೆಂದರೆ ಅದು ನಿಮ್ಮೊಳಗೇ ಕೂತು ಕೆಲಸ ಮಾಡುತ್ತದೆ. ಅಶ್ವಿನಿ ದೇಶಪಾಂಡೆ ಮತ್ತು ಥಾಮಸ್ ವೈಸ್‌ಕಾಫ್ ಭಾರತೀಯ ರೈಲ್ವೆಯ 1980ರಿಂದ 2002ರವರೆಗಿನ ಅಂಕಿಅಂಶ ತೆಗೆದು, ಪರಿಶಿಷ್ಟ ನೌಕರರ ಪಾಲು ಹೆಚ್ಚಾದ ಕಡೆ ಉತ್ಪಾದಕತೆ ಇಳಿದಿದೆಯೇ ಎಂದು ಹುಡುಕಿದರು. ಇಳಿದ ಪುರಾವೆ ಸಿಗಲಿಲ್ಲ. ಮೇಲ್ದರ್ಜೆಯ ಹುದ್ದೆಗಳಲ್ಲಿ ಅವರ ಪಾಲು ಹೆಚ್ಚಿದ ಕಡೆ ಒಳ್ಳೆಯ ಪರಿಣಾಮದ ಸೂಚನೆಯೇ ಕಂಡಿತು. ಕೋಟಾದವರು ಬಂದರೆ ಕೆಲಸ ಕೆಡುತ್ತದೆ ಎನ್ನುವುದು ಲೆಕ್ಕ ಹಾಕಿ ಹೇಳಿದ ಮಾತಲ್ಲ.

ಇನ್ನು ನೀವೇನು ಮಾಡಬಹುದು. ಒಂದು ಕಟು ಸತ್ಯ ಗೊತ್ತಿರಲಿ: ಖಾಸಗಿ ಉದ್ಯೋಗದಲ್ಲಿ ಮೀಸಲಾತಿ ಇಲ್ಲ ಎನ್ನುವುದಷ್ಟೇ ಅಲ್ಲ, ಅಲ್ಲಿನ ಜಾತಿ ತಾರತಮ್ಯವನ್ನು ವಿಚಾರಿಸಲು ಕಡ್ಡಾಯವಾದ ವ್ಯವಸ್ಥೆಯೂ ಇಲ್ಲ. ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆಯಂತೆ ಹತ್ತು ಮತ್ತು ಹೆಚ್ಚು ನೌಕರರಿರುವ ಪ್ರತಿ ಕಡೆ ಆಂತರಿಕ ಸಮಿತಿ ಇರಬೇಕು, ಹೊರಗಿನ ಸದಸ್ಯರೂ ಇರಬೇಕು. ಜಾತಿಗೆ ಅಂಥದ್ದೇನಿಲ್ಲ. ಐಟಿಐ, ಎಚ್‌ಎಂಟಿಯಂಥ ಸಾರ್ವಜನಿಕ ಉದ್ದಿಮೆಗಳ ಕಾಲದಲ್ಲಿ ನೇಮಕಾತಿಗೊಂದು ರೋಸ್ಟರ್, ಅಂದರೆ ಮೀಸಲಾತಿಯ ಸರದಿ ಪಟ್ಟಿ, ಇತ್ತು. ಆ ಕೆಲಸಗಳು ಕರಗಿ ಖಾಸಗಿ ಕೆಲಸಗಳು ಬೆಳೆದಂತೆ ನಿಮ್ಮಂಥವರು ಹೆಚ್ಚು ಸಂಬಳದ, ಕಡಿಮೆ ರಕ್ಷಣೆಯ ಜಾಗಕ್ಕೆ ಬಂದು ನಿಂತಿದ್ದೀರಿ.

ಅಟ್ರಾಸಿಟಿ ಕೇಸ್ ಹಾಕಬಹುದೇ ಎಂದಿದ್ದೀರಿ. 1989ರ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ 3(1)(ಆರ್) ಕಲಮಿನ ಪ್ರಕಾರ, ಅವಮಾನ ಮಾಡುವ ಉದ್ದೇಶದಿಂದ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಪರಿಶಿಷ್ಟ ವ್ಯಕ್ತಿಯನ್ನು ನಿಂದಿಸುವುದು ಅಪರಾಧ. ಜಾತಿ ಹೆಸರು ಹಿಡಿದೇ ಬೈಯಬೇಕೆಂದಿಲ್ಲ, ಅದಕ್ಕೆ (ಎಸ್) ಎಂಬ ಬೇರೆ ಉಪಕಲಮಿದೆ. ಆದರೆ ಆ ಅವಮಾನ ನಿಮ್ಮ ಜಾತಿಯ ಕಾರಣಕ್ಕೇ ನಡೆದದ್ದು ಎಂದು ತೋರಿಸಬೇಕು. ನಾಲ್ಕು ಗೋಡೆಯೊಳಗೆ ಬೇರೆ ಯಾರೂ ಇಲ್ಲದಾಗ ಆಡಿದ ಮಾತು ಈ ಕಲಮಿಗೆ ಬರುವುದಿಲ್ಲ ಎಂದು 2020ರ ಹಿತೇಶ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮದು ಮೀಟಿಂಗು, ಬೇರೆಯವರೂ ಇದ್ದರು, ವಾದಿಸಲು ಜಾಗವಿದೆ. ಗೆಲುವು ಖಚಿತ ಎಂದು ಯಾವ ವಕೀಲರಾದರೂ ಹೇಳಿದರೆ ನಂಬಬೇಡಿ. ಊಟಕ್ಕೆ ಕರೆಯದಿರುವುದು ಮತ್ತು ರೇಟಿಂಗ್ ಇಳಿದದ್ದು ತಾವೇ ಅಪರಾಧವಾಗುವುದಿಲ್ಲ. ಆದರೆ ಏಪ್ರಿಲ್‌ಗೆ ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂಬ ಸರಣಿಯಲ್ಲಿ ಅವುಗಳಿಗೆ ಬೆಲೆಯಿದೆ. ಆರೋಪಿಗೆ ನಿಮ್ಮ ಪರಿಚಯವಿತ್ತೆಂದು ಸಾಬೀತಾದರೆ ಜಾತಿ ಗೊತ್ತಿತ್ತೆಂದೇ ಕೋರ್ಟ್ ಭಾವಿಸಬೇಕು ಎಂಬ ಅಂಶ 2015ರ ತಿದ್ದುಪಡಿಯಲ್ಲಿ ಸೇರಿದೆ. ಅದು ಗೊತ್ತೇ ಇರಲಿಲ್ಲ ಎಂದು ತೋರಿಸುವ ಹೊಣೆ ಅವರದು.

ಇಂಥ ಕೇಸುಗಳು ಬಿದ್ದುಹೋಗುವುದು ಸುಳ್ಳು ಎಂಬ ಕಾರಣಕ್ಕೆ ಎನ್ನುವವರಿದ್ದಾರೆ. ನಾನು ಕಂಡಿರುವುದು ಬೇರೆ: ಕೇಸು ಸಾಯುವುದು ಸಾಕ್ಷಿಯ ಕಟ್ಟೆಯಲ್ಲಿ. ನಿಮ್ಮ ಪಕ್ಕದ ಸೀಮೆಯ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚಿನಲ್ಲಿ 7 ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಮರಕುಂಬಿ ಗ್ರಾಮದ ದಲಿತರ ಮೇಲೆ ನಡೆದ ಹಲ್ಲೆಯ ಪ್ರಕರಣದಲ್ಲಿ ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ವಿಧಿಸಿದ್ದು 2024ರಲ್ಲಿ, ಹತ್ತು ವರ್ಷ ಹಿಡಿಯಿತು. ಆಫೀಸಿನ ಕೇಸನ್ನು ಹಳ್ಳಿಯ ಕಗ್ಗೊಲೆಯ ಪಕ್ಕದಲ್ಲಿ ಇಡುತ್ತಿಲ್ಲ. ಹೇಳುವುದಿಷ್ಟು: ಕೂಲಿಗೂ ಸಾಲಕ್ಕೂ ಒಬ್ಬರ ಕೈ ನೋಡುವವರು ಅವರ ವಿರುದ್ಧ ಸಾಕ್ಷಿ ನುಡಿಯುವುದು ಕಷ್ಟ. ಆ ಮೀಟಿಂಗಿನಲ್ಲಿ ನಕ್ಕವರಿಗೆಲ್ಲ ಸಂಬಳ ಕೊಡುವುದು ಅದೇ ಕಂಪನಿ. ಅವರಲ್ಲಿ ಒಬ್ಬರಾದರೂ ನಿಮ್ಮ ಪರ ಬಾಯಿ ಬಿಡುತ್ತಾರೆಯೇ ಎಂಬುದನ್ನು ದೂರು ಬರೆಯುವ ಮೊದಲೇ ಯೋಚಿಸಿ.

ಆದ್ದರಿಂದ ಠಾಣೆಗೆ ಹೋಗುವ ಮೊದಲು ದಾಖಲೆ ಕಟ್ಟಿ. ಯಾವ ದಿನ, ಯಾವ ಮಾತು, ಯಾರಿದ್ದರು ಎಂದು ಅದೇ ದಿನ ನಿಮ್ಮ ಕೈಬರಹದಲ್ಲಿ ಬರೆದಿಡಿ. ರೇಟಿಂಗ್ ಇಳಿದ ಕಾರಣವನ್ನು ಇಮೇಲಿನಲ್ಲಿ ಕೇಳಿ, ಉತ್ತರವೂ ಬರಹದಲ್ಲೇ ಬರಲಿ. ಹಿಂದಿನ ವರ್ಷಗಳ ಅಪ್ರೈಸಲ್ ಪತ್ರಗಳನ್ನು ಒಟ್ಟುಮಾಡಿ. ಆದರೆ ಕಂಪನಿಯ ಗೋಪ್ಯ ಕಡತಗಳನ್ನು ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ. ಕೆಲಸದಿಂದ ತೆಗೆಯಲು ಅವರಿಗೆ ಅಷ್ಟೇ ಸಾಕು, ಜಾತಿಯ ಮಾತೆಲ್ಲ ಅದರಡಿ ಹೂತುಹೋಗುತ್ತದೆ. ಆಮೇಲೆ ಎಚ್‌ಆರ್‌ಗೆ ಲಿಖಿತ ದೂರು ಕೊಡಿ. ವಿಶೇಷಣಗಳು ಬೇಡ, ನಡೆದದ್ದು ಮಾತ್ರ. ನೌಕರಿಯ ಷರತ್ತುಗಳನ್ನು ಬರಹದಲ್ಲಿ ನಿಗದಿಪಡಿಸುತ್ತಿದ್ದ ಹಿಂದಿನ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟಾಗ ನೌಕರರ ಪ್ರತಿನಿಧಿಗಳೂ ಇರುವ ಕುಂದುಕೊರತೆ ಸಮಿತಿ ಇರಬೇಕೆಂಬ ಷರತ್ತು ಹಾಕಿತ್ತು. ಅಂಥ ಸಮಿತಿ ನಿಮ್ಮಲ್ಲಿದೆಯೇ, ಯಾರಿದ್ದಾರೆ ಎಂದು ಕೇಳಿ. ಇದರ ಅಪಾಯವೂ ಗೊತ್ತಿರಲಿ: ಎಚ್‌ಆರ್ ಕಂಪನಿಯ ಕಡೆಯವರು. ದೂರು ಕೊಟ್ಟ ಕೆಲವೇ ವಾರಗಳಲ್ಲಿ 'ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲ್ಯಾನ್', ಅಂದರೆ ಇಷ್ಟು ದಿನದಲ್ಲಿ ಕೆಲಸ ಸುಧಾರಿಸಿಕೊಳ್ಳಿ ಎಂಬ ಎಚ್ಚರಿಕೆ, ಬರುವುದು ನನ್ನ ಕಕ್ಷಿದಾರರಿಗೆ ಹೊಸದಲ್ಲ. ಅದು ಬಂದರೆ ದೂರಿನ ತಾರೀಕನ್ನು ಉಲ್ಲೇಖಿಸಿ ತಕ್ಷಣ ಉತ್ತರ ಕೊಡಿ.

ಒಂಟಿಯಾಗಿ ಮಾತ್ರ ಹೋಗಬೇಡಿ. ಬೆಂಗಳೂರಿನಲ್ಲಿ 2017ರಿಂದ ಐಟಿ ನೌಕರರ ಸಂಘವಿದೆ. ನಿಮ್ಮ ಕಂಪನಿಯಲ್ಲೇ ಹೆಸರು ಮುಚ್ಚಿಟ್ಟುಕೊಂಡ ದಲಿತ ನೌಕರರು ಇನ್ನೂ ಇದ್ದಾರು. ಇದು ಸಮಾಧಾನದ ಮಾತಲ್ಲ. ಈ ನಗರದ ಪೌರಕಾರ್ಮಿಕರನ್ನು ನೋಡಿ. ಬಹುಪಾಲು ದಲಿತ ಹೆಣ್ಣುಮಕ್ಕಳು, ಗುತ್ತಿಗೆದಾರರ ಕೈಕೆಳಗೆ ದುಡಿದವರು. ಹಾಜರಿ ಕಡಿತ, ಪಿಎಫ್ ಬಾಕಿ, ಎದುರು ಮಾತಾಡಿದರೆ ನಾಳೆಯಿಂದ ಬರಬೇಡ ಎಂಬ ಬೆದರಿಕೆ. ಒಬ್ಬೊಬ್ಬರೇ ಹೋಗಿ ದೂರಿದಾಗ ಏನೂ ಆಗಲಿಲ್ಲ. ಸಂಘ ಕಟ್ಟಿದರು, ಗುತ್ತಿಗೆದಾರನನ್ನು ನಡುವಿನಿಂದ ತೆಗೆಸಿ ನೇರ ಪಾವತಿ ಮಾಡಿಸಿಕೊಂಡರು, 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಮುಷ್ಕರ ಕೂತರು. 2025ರ ಮೇ 1ರಂದು 12 ಸಾವಿರಕ್ಕೂ ಹೆಚ್ಚು ಮಂದಿಗೆ ಕಾಯಂ ನೇಮಕದ ಆದೇಶ ಸಿಕ್ಕಿತು. ಅವರಲ್ಲಿ ಯಾರಿಗೂ ನಿಮ್ಮ ಪದವಿಯಾಗಲಿ ಸಂಬಳವಾಗಲಿ ಇರಲಿಲ್ಲ. ಈ ಆರ್ಥಿಕತೆಯೊಳಗೆ ಜಾತಿಯನ್ನು ಹಿಮ್ಮೆಟ್ಟಿಸಿದ್ದು ಯಾರದೋ ಒಬ್ಬರ ಏಳಿಗೆಯಲ್ಲ, ಹಲವರು ಸೇರಿ ಬರೆಸಿಕೊಂಡ ನಿಯಮ. ಜಾತಿ ದೂರು ವಿಚಾರಿಸುವ ಸಮಿತಿ ಪ್ರತಿ ಕಂಪನಿಯಲ್ಲೂ ಇರಬೇಕೆಂಬ ಬೇಡಿಕೆಯನ್ನು ನಿಮ್ಮಂಥವರು ಸೇರಿಯೇ ಎತ್ತಬೇಕು.

ಹೆಂಡತಿಯ ಸಲಹೆಯೂ ಹೇಡಿತನದ್ದಲ್ಲ. ಮನೆ ನಡೆಯಬೇಕು, ನಿದ್ದೆ ಬರಬೇಕು. ಬೇರೆ ಕೆಲಸ ಹುಡುಕಿಕೊಂಡು ಹೊರಡುವುದಾದರೆ ಹೋಗಿ. ಆದರೆ ರಾಜೀನಾಮೆಯಲ್ಲಿ 'ವೈಯಕ್ತಿಕ ಕಾರಣ' ಎಂದು ಬರೆಯಬೇಡಿ, ಮುಂದೆ ದೂರು ಕೊಡುವಾಗ ಅದೊಂದು ಸಾಲು ನಿಮಗೇ ಅಡ್ಡ ಬರಬಹುದು. ಅಂತಿಮ ಲೆಕ್ಕದ ಕಾಗದದಲ್ಲಿ 'ಇನ್ನು ಯಾವ ಹಕ್ಕುಬಾಧ್ಯತೆಯೂ ಇಲ್ಲ' ಎಂಬ ಸಾಲಿದ್ದರೆ ಓದದೆ ಸಹಿ ಹಾಕಬೇಡಿ. ಹೊಸ ಕಡೆ ಜಾತಿ ಹೇಳಬೇಕೋ ಬೇಡವೋ ಎಂಬುದು ನಿಮ್ಮಿಬ್ಬರ ನಿರ್ಧಾರ. ಮುಚ್ಚಿಟ್ಟವರನ್ನು ನಾನು ಎಂದೂ ತಪ್ಪು ಎಂದಿಲ್ಲ. ಆದರೆ ದಿನವೂ ಮಾತನ್ನು ಅಳೆದು ತೂಗಿ ಬದುಕುವ ಆ ದಣಿವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಮನೆ ಕೊಡದ ವಿಷಯ ಚುಟುಕಾಗಿ: ಅಸ್ಪೃಶ್ಯತೆಯ ಕಾರಣಕ್ಕೆ ವಾಸಕ್ಕೆ ಅಡ್ಡಿ ಮಾಡುವುದು 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯಲ್ಲಿ ಅಪರಾಧ. 'ಯಾವ ಜನ' ಎಂದು ಮೆಸೇಜಿನಲ್ಲಿ ಕೇಳಿದ್ದರೆ ಉಳಿಸಿಕೊಳ್ಳಿ, ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ ದೂರು ಕೊಡಬಹುದು. ಬರೀ ಬಾಯಿಮಾತಾದರೆ, ನಾವು ಸಸ್ಯಾಹಾರಿಗಳಿಗಷ್ಟೇ ಕೊಡುವುದು ಎಂದು ಅವರು ಜಾರಿಕೊಳ್ಳುತ್ತಾರೆ.

ತಮ್ಮನ ವಿಷಯವೇ ಎಲ್ಲಕ್ಕಿಂತ ತುರ್ತು. ಅವನ ಆಸೆ ಸರಿಯಾದದ್ದೇ. 2005ರ ಆರ್ಥಿಕ ಗಣತಿಯ ಪ್ರಕಾರ ದೇಶದ ಉದ್ದಿಮೆಗಳಲ್ಲಿ ಪರಿಶಿಷ್ಟ ಜಾತಿಯವರ ಒಡೆತನ 9.8%, ಜನಸಂಖ್ಯೆಯಲ್ಲಿ ಅವರ ಪಾಲು 16% ದಾಟುತ್ತದೆ. ಈ ಅಂತರ ತುಂಬಬೇಕೆಂದೇ ಕರ್ನಾಟಕದಲ್ಲಿ ಸರ್ಕಾರಿ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ 17.15%, ಪಂಗಡಕ್ಕೆ 6.95% ಮೀಸಲಾತಿ ತಂದರು. ಮೊದಲು 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗೆ ಇದ್ದದ್ದು ಆಮೇಲೆ 1 ಕೋಟಿಗೆ ಏರಿತು. ಮುಖಂಡರ ಕಣ್ಣು ಬಿದ್ದಿರುವುದು ಈ ಮೀಸಲಿನ ಮೇಲೆ. ಲೈಸೆನ್ಸ್ ಇವನದು, ಬಿಲ್ಲಿನ ದುಡ್ಡು ಅವರದು. ಕೆಲಸ ಕಳಪೆಯಾದರೆ ಕಪ್ಪುಪಟ್ಟಿಗೆ ಸೇರುವ ಹೆಸರು, ಜಿಎಸ್‌ಟಿ ಬಾಕಿಗೆ ನೋಟಿಸು, ಕೂಲಿಯವರಿಗೆ ಏನಾದರೂ ಆದರೆ ಕೇಸು, ಎಲ್ಲವೂ ನಿಮ್ಮ ತಮ್ಮನಿಗೆ. ಹಳೆಯ ಜೀತಕ್ಕೆ ಹೊಸ ಅಂಗಿ ತೊಡಿಸಿದಂತೆ ಇದು. ಒಪ್ಪಬಾರದು.

ಸ್ವಂತವಾಗಿ ಮಾಡುವುದಾದರೆ ಚಿಕ್ಕ ದರ್ಜೆಯ ನೋಂದಣಿಯಿಂದ ಶುರು ಮಾಡಲಿ, ಸಣ್ಣ ಕಾಮಗಾರಿ ಹಿಡಿಯಲಿ. ಬಿಲ್ಲು ತಿಂಗಳುಗಟ್ಟಲೆ ನಿಲ್ಲುತ್ತದೆ, ಅಂಗಡಿಯವರು ಅವನಿಗೆ ಉದ್ದರಿ ಕೊಡದೆ ನಗದು ಕೇಳುತ್ತಾರೆ. ಸೋಲುವವರು ಹೆಚ್ಚಾಗಿ ಸೋಲುವುದು ಇಲ್ಲೇ, ಕೆಲಸ ಬಾರದೆ ಅಲ್ಲ. ಮೊದಲ ಬಿಲ್ಲು ಬರುವವರೆಗೆ ತಡೆಯುವಷ್ಟು ದುಡ್ಡು ಕೈಯಲ್ಲಿ ಇರಬೇಕು. ರಾಜ್ಯ ಹಣಕಾಸು ಸಂಸ್ಥೆಯಾದ ಕೆಎಸ್‌ಎಫ್‌ಸಿಯಲ್ಲಿ ಪರಿಶಿಷ್ಟ ಉದ್ದಿಮೆದಾರರಿಗೆ ಬಡ್ಡಿ ಸಹಾಯಧನದ ಸಾಲವಿದೆ, ಅಂಬೇಡ್ಕರ್ ಅಭಿವೃದ್ಧಿ ನಿಗಮದಲ್ಲೂ ವಿಚಾರಿಸಲಿ.

ಆ 2 ಎಕರೆಯನ್ನು ಮಾತ್ರ ಮುಟ್ಟಬೇಡಿ. ಪರಿಶಿಷ್ಟರ ಜಮೀನು ಕೈತಪ್ಪದಂತೆ ಕಾಯುವ 1978ರ ಪಿಟಿಸಿಎಲ್ ಕಾಯ್ದೆಯಂತೆ, ಅವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ. ಮಾರಾಟಕ್ಕಷ್ಟೇ ಅಲ್ಲ, ಮಾರುವ ಕರಾರಿಗೂ ಇದು ಅನ್ವಯಿಸುತ್ತದೆ. ಬ್ರೋಕರುಗಳು ಹೇಳುವ 'ಬರೀ ಅಗ್ರಿಮೆಂಟ್, ಬರೀ ಜಿಪಿಎ (ಅಧಿಕಾರ ಪತ್ರ)' ಎಂಬ ಮಾತಿಗೆ ಮರುಳಾಗಬೇಡಿ. ಬೆಂಗಳೂರು ಮಾಲೂರಿನತ್ತ ಬೆಳೆಯುತ್ತಿರುವಾಗ ಈ ನೆಲವೇ ನಿಮ್ಮ ಮನೆತನದ ಏಕೈಕ ಬಂಡವಾಳ. ಈ ಕಾಯ್ದೆಯೂ ಸುಮ್ಮನೆ ಉಳಿದಿಲ್ಲ. ತಡವಾಗಿ ಬಂದ ಅರ್ಜಿಗಳನ್ನು ಕೋರ್ಟುಗಳು ತಳ್ಳಿಹಾಕತೊಡಗಿದಾಗ, ಜಮೀನು ಕಳಕೊಂಡವರು ಫ್ರೀಡಂ ಪಾರ್ಕಿನಲ್ಲಿ ದೀರ್ಘ ಧರಣಿ ಕೂತರು, 2023ರಲ್ಲಿ ಕಾಲಮಿತಿಯ ಅಡ್ಡಿ ತೆಗೆಯುವ ತಿದ್ದುಪಡಿ ಬಂತು.

ಈ ವಾರವೇ ಊರಿಗೆ ಹೋಗಿ ತಾತನ ಹೆಸರಿನ ಸಾಗುವಳಿ ಚೀಟಿ, ಅಂದರೆ ಜಮೀನು ಮಂಜೂರಾದ ಪತ್ರ, ಹುಡುಕಿ. ಸಿಗದಿದ್ದರೆ ತಾಲ್ಲೂಕು ಕಚೇರಿಯಲ್ಲಿ ಮಂಜೂರಾತಿ ಕಡತದ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಪಹಣಿ, ಮ್ಯುಟೇಶನ್ ಎರಡನ್ನೂ ತೆಗೆಸಿ, ಖಾತೆ ಈಗ ಯಾರ ಹೆಸರಿನಲ್ಲಿದೆ ನೋಡಿ. ತಮ್ಮನಾಗಲಿ ಅಪ್ಪನಾಗಲಿ ಈಗಾಗಲೇ ಯಾವುದಾದರೂ ಕಾಗದಕ್ಕೆ ಸಹಿ ಹಾಕಿದ್ದಾರೆಯೇ ಎಂದು ಬೈಯದೆ ಕೇಳಿ. ಹಾಕಿದ್ದರೆ ಮುಚ್ಚಿಡಬೇಡಿ. ಅನುಮತಿಯಿಲ್ಲದ ವ್ಯವಹಾರ ಅಸಿಂಧು, ಜಮೀನು ವಾಪಸ್ ಕೊಡಿಸಿ ಎಂದು ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ಆ ಅರ್ಜಿಗೆ ಬೇಕಾಗುವುದೂ ಇದೇ ಮೂರು ಕಾಗದ.